ಅಂಟಿಸಿಟ್ಟ ಅಣುವಿನಿಂದ ರಸಾಯನಶಾಸ್ತ್ರ ಬರುವುದಿಲ್ಲ

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಹತ್ತನೇ ತರಗತಿಯಲ್ಲಿ 38 ಮಕ್ಕಳಿದ್ದಾರೆ, ಬಹುಪಾಲು ತೋಟದ ಲೈನ್‌ಮನೆಗಳಿಂದ ಬರುವವರು. ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಥರ್ಮೋಕೋಲ್ ಉಂಡೆಗಳಲ್ಲಿ ನೀರು, ಮೀಥೇನ್, ಅಮೋನಿಯಾ ಅಣುಗಳನ್ನು ಮಾಡಿಸಿದೆ. ನೋಡಲು ಬಹಳ ಚೆನ್ನಾಗಿ ಬಂತು. ಆದರೆ ಕಿರುಪರೀಕ್ಷೆಯಲ್ಲಿ ಮೀಥೇನ್ ಉರಿಯುವ ಸಮೀಕರಣವನ್ನು ಸರಿದೂಗಿಸಲು ಕೊಟ್ಟರೆ, ಮಾದರಿ ಮಾಡಿದ ಮಕ್ಕಳೇ ತಪ್ಪು ಬರೆದರು. ಒಬ್ಬನಂತೂ ‘ಹೈಡ್ರೋಜನ್ ಬಿಳಿ ಬಣ್ಣದ ಧಾತು’ ಎಂದು ಬರೆದಿದ್ದ. ಆ ಹೊತ್ತನ್ನು ಬೋರ್ಡಿನ ಮೇಲೆ ಲೆಕ್ಕ ಮಾಡಿಸಲು ಬಳಸಿದ್ದರೆ ಒಳ್ಳೆಯದಿತ್ತೇ? ಅಥವಾ ಒಳ್ಳೆಯ ಕಿಟ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ:

ಮೇಡಂ, ಆ ಮೀಥೇನನ್ನು ಮಕ್ಕಳು ಒಂದು ಸಲವಾದರೂ ಬಿಚ್ಚಿದ್ದರೇ? ಇರಲಿಕ್ಕಿಲ್ಲ. ಫೆವಿಕಾಲ್ ಹಾಕಿ ಕೂರಿಸಿ, ಬಣ್ಣ ಬಳಿದು, ತೀರ್ಪುಗಾರರು ಬಂದು ಹೋಗುವವರೆಗೆ ಯಾರೂ ಮುಟ್ಟದಂತೆ ಕಾದಿರುತ್ತಾರೆ. ರಾಸಾಯನಿಕ ಕ್ರಿಯೆ ಎಂದರೆ ಇದ್ದ ಬಂಧ ಮುರಿದು ಹೊಸದು ಕೂಡುವುದು. ಅಂಟಿಸಿದ ಮಾದರಿಯಲ್ಲಿ ಆಗದಿರುವುದು ಅದೊಂದೇ. ಅದನ್ನು ನೋಡಿ ಕಲಿಯಬಹುದಾದದ್ದು ಬಣ್ಣ, ನಿಮ್ಮ ಹುಡುಗ ಅದನ್ನು ಚೆನ್ನಾಗಿಯೇ ಕಲಿತಿದ್ದಾನೆ.

ಹಾಗೆಂದು ಮಾದರಿಯನ್ನೇ ಬಿಡಬೇಡಿ. ಪಾಠಕ್ಕೆ ಬೇಕಾದ ಮಾದರಿ ಒರಟಾಗಿರಲಿ, ಒಂದೇ ಪೀರಿಯಡ್ಡಿನಲ್ಲಿ ನಾಲ್ಕು ಸಲ ಬಿಚ್ಚಿ ಕಟ್ಟುವಂತಿರಲಿ. ಮಕ್ಕಳು ಸೋತ ಆ ಸಮೀಕರಣದಿಂದಲೇ ಶುರು ಮಾಡೋಣ.

ನಾಲ್ಕೈದು ಮಕ್ಕಳ ಗುಂಪು ಮಾಡಿ. ಪ್ರತಿ ಗುಂಪಿಗೂ ಒಂದು ಪೊಟ್ಟಣ: ಜೇಡಿಮಣ್ಣಿನ ಒಂದು ದೊಡ್ಡ ಉಂಡೆ ಇಂಗಾಲಕ್ಕೆ, ಎರಡು ಮಧ್ಯಮ ಗಾತ್ರದವು ಆಕ್ಸಿಜನ್ನಿಗೆ, ನಾಲ್ಕು ಚಿಕ್ಕವು ಹೈಡ್ರೋಜನ್ನಿಗೆ. ಜೊತೆಗೆ ಪೊರಕೆ ಕಡ್ಡಿಯ ಆರು ತುಂಡು. ನಿಯಮ ಇಷ್ಟೇ: ಇಂಗಾಲಕ್ಕೆ ನಾಲ್ಕು ಕಡ್ಡಿ, ಆಕ್ಸಿಜನ್ನಿಗೆ ಎರಡು, ಹೈಡ್ರೋಜನ್ನಿಗೆ ಒಂದು, ಯಾವ ಕಡ್ಡಿಯ ತುದಿಯೂ ಖಾಲಿ ಇರಕೂಡದು. ಮೊದಲು ಒಂದು ಮೀಥೇನ್, ಒಂದು ಆಕ್ಸಿಜನ್ ಅಣು ಕಟ್ಟಲಿ. ಆಮೇಲೆ ‘ಇದನ್ನು ಉರಿಸಿ’ ಎನ್ನಿ. ಗೋಬರ್ ಗ್ಯಾಸಿನಲ್ಲಿ ಉರಿಯುವುದು ಹೆಚ್ಚಾಗಿ ಮೀಥೇನೇ ಎಂದು ಹೇಳಿದರೆ ಅವರಿಗೆ ಒಲೆಯ ಚಿತ್ರವೂ ಸಿಗುತ್ತದೆ.

ಇಲ್ಲಿ ನಿಮ್ಮ ಒಂದು ಕುತಂತ್ರವಿದೆ. ಪೂರ್ತಿ ಉರಿಯಲು ಎರಡು ಆಕ್ಸಿಜನ್ ಅಣು ಬೇಕು, ನೀವು ಕೊಟ್ಟದ್ದು ಒಂದು. ಹೇಳಬೇಡಿ, ಒದ್ದಾಡಲಿ. ಒಂದು ಗುಂಪು ಎರಡು ನೀರಿನ ಅಣು ಕಟ್ಟಿ, ಇಂಗಾಲದ ಉಂಡೆ ಒಂಟಿಯಾಗಿ ಉಳಿಯಿತು ಎಂದು ಗೊಣಗುತ್ತದೆ. ಅದೇ ಮಸಿ, ಗಾಳಿ ಸಾಲದ ಒಲೆಯ ಮೇಲಿನ ಪಾತ್ರೆಯ ತಳ ಕಪ್ಪಾಗುವುದು ಹೀಗೆ. ಇನ್ನೊಂದು ಗುಂಪು ಒಂದು ನೀರು ಮಾಡಿ, ಮಿಕ್ಕದ್ದರಲ್ಲಿ ಇಂಗಾಲಕ್ಕೆ ಎರಡು ಹೈಡ್ರೋಜನ್, ಎರಡು ಕಡ್ಡಿಯಲ್ಲಿ ಒಂದು ಆಕ್ಸಿಜನ್ ಸಿಕ್ಕಿಸಿ ನಿಯಮ ಮೀರದೆ ಮುಗಿಸುತ್ತದೆ. ಅದು ಫಾರ್ಮಾಲ್ಡಿಹೈಡ್. ಜೀವಶಾಸ್ತ್ರ ಲ್ಯಾಬಿನಲ್ಲಿ ಹಾವು ಕಪ್ಪೆಗಳನ್ನು ಮುಳುಗಿಸಿಡುವ ಫಾರ್ಮಲಿನ್‌ನಲ್ಲಿರುವುದು ಅದೇ. ತೀರಾ ಚುರುಕು ಗುಂಪೊಂದಿದ್ದರೆ ಫಾರ್ಮಿಕ್ ಆಮ್ಲ ಮತ್ತು ಒಂದು ಹೈಡ್ರೋಜನ್ ಅಣುವನ್ನೂ ಕಟ್ಟೀತು. ಕಾಫಿ ತೋಟದಲ್ಲಿ ಚಗಳಿ ಇರುವೆ ಮೈಮೇಲೆ ಬಿದ್ದು ಉರಿ ಹತ್ತಿಸುವಾಗ ಚಿಮ್ಮಿಸುವ ಆಮ್ಲ ಅದು.

ಕಡ್ಡಿ ಲೆಕ್ಕ ಕೂಡಿತು ಎಂದ ಮಾತ್ರಕ್ಕೆ ಒಲೆಯಲ್ಲಿ ಅದೆಲ್ಲ ಆಗುತ್ತದೆ ಎಂದಲ್ಲ. ಯಾವುದು ಸಾಧ್ಯ ಎಂದು ಮಾದರಿ ಹೇಳುತ್ತದೆ, ಯಾವುದು ನಿಜಕ್ಕೂ ನಡೆಯುತ್ತದೆ ಎಂದು ಪ್ರಯೋಗವೇ ಹೇಳಬೇಕು. ಇದನ್ನು ಮಕ್ಕಳಿಗೆ ಆಗಲೇ, ಕೈಯಲ್ಲಿ ಮಣ್ಣು ಇರುವಾಗಲೇ ಹೇಳಿ. ಈ ನಿಯಮಕ್ಕೆ ಸಿಗದ ಒಂದು ಅಣುವೂ ಇದೆ, ಕಾರ್ಬನ್ ಮಾನಾಕ್ಸೈಡ್. ಇಂಗಾಲಕ್ಕೆ ನಾಲ್ಕು, ಆಕ್ಸಿಜನ್ನಿಗೆ ಎರಡು ಎಂದು ಹಟ ಹಿಡಿದರೆ ಅದನ್ನು ಕಟ್ಟಲಾಗದು, ಆದರೆ ಆಷಾಢದ ಥಂಡಿಗೆ ಕಿಟಕಿ ಬಾಗಿಲು ಮುಚ್ಚಿ ಕೆಂಡ ತುಂಬಿದ ಅಗ್ಗಿಷ್ಟಿಕೆ ಒಳಗಿಟ್ಟು ಮಲಗಿದರೆ ಜೀವ ತೆಗೆಯುವುದು ಅದೇ. ಪಠ್ಯದಲ್ಲಿ ಇಲ್ಲದಿದ್ದರೂ ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ಹೇಳದೆ ಬಿಡಬಾರದು.

ಈಗ ಎರಡನೇ ಆಕ್ಸಿಜನ್ ಅಣು ಕೊಡಿ, ಅದರ ಎರಡು ಕಡ್ಡಿಯ ಸಮೇತ. ಅರ್ಧ ಅಣು ಕೇಳಿದರೆ ಕೊಡಬೇಡಿ. ಎಲ್ಲ ಗುಂಪುಗಳೂ ಒಂದು ಕಾರ್ಬನ್ ಡೈಆಕ್ಸೈಡ್, ಎರಡು ನೀರಿನ ಅಣುವಿಗೆ ಬಂದು ನಿಲ್ಲುತ್ತವೆ. ಸಮೀಕರಣದಲ್ಲಿ ಅಣುವಿನ ಮುಂದೆ ಬರೆಯುವ ‘2’ ಎಲ್ಲಿಂದ ಬಂತು ಎಂದು ಆಗ ಕೇಳಿ. ಆ ಅಂಕಿಯನ್ನು ಅವರು ಕೈಯಾರೆ ಮೇಜಿನ ಮೇಲಿಟ್ಟಿದ್ದಾರೆ.

ಸರಿದೂಗಿಸುವಾಗ ಮಕ್ಕಳು ಮಾಡುವ ದೊಡ್ಡ ತಪ್ಪು ನಿಮಗೆ ಗೊತ್ತೇ ಇದೆ: ಒಂದು ಆಕ್ಸಿಜನ್ ಕಡಿಮೆ ಬಿದ್ದರೆ ನೀರಿನ ಸೂತ್ರದಲ್ಲಿ ಓ ಪಕ್ಕ ಸುಮ್ಮನೆ ಒಂದು ಪುಟ್ಟ ಎರಡು ಬರೆದುಬಿಡುತ್ತಾರೆ, ಲೆಕ್ಕ ಸರಿಯಾಗಿಬಿಡುತ್ತದೆ. ಕೆಂಪು ಇಂಕಿನಲ್ಲಿ ತಿದ್ದಿದರೆ ಅದು ನಿಲ್ಲುವುದಿಲ್ಲ. ‘ನೀನು ಬರೆದದ್ದನ್ನು ಕಟ್ಟು’ ಎನ್ನಿ. ಎರಡು ಆಕ್ಸಿಜನ್ ಒಂದಕ್ಕೊಂದು ಕೈಹಿಡಿದು, ಎರಡೂ ಕಡೆ ಒಂದೊಂದು ಹೈಡ್ರೋಜನ್ ಬಂದು ಕೂರುತ್ತದೆ. ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಗಾಯಕ್ಕೆ ಹಾಕಿದರೆ ಬುಸ್ಸೆಂದು ನೊರೆ ಬರುವ ಔಷಧ. ಮುಂದಿನ ಅಂಕಿ ಬದಲಿಸಿದರೆ ಅಣುಗಳ ಎಣಿಕೆ ಬದಲಾಗುತ್ತದೆ, ಒಳಗಿನ ಪುಟ್ಟ ಅಂಕಿ ಬದಲಿಸಿದರೆ ವಸ್ತುವೇ ಬದಲಾಗುತ್ತದೆ. ಬೋರ್ಡಿನ ಮೇಲೆ ಇದನ್ನು ತಿಂಗಳಾನುಗಟ್ಟಲೆ ಹೇಳಬೇಕು, ಕಡ್ಡಿ ಹಿಡಿದವನಿಗೆ ಒಂದೇ ಸಲ ಸಾಕು.

ಪೀರಿಯಡ್ ಮುಗಿದಾಗ ಪೊಟ್ಟಣವನ್ನು ಎಣಿಸಿ ವಾಪಸು ತೆಗೆದುಕೊಳ್ಳಿ. ಏನೆಲ್ಲ ಕಟ್ಟಿ ಕೆಡವಿದರೂ ಕೊಟ್ಟಷ್ಟೇ ಉಂಡೆ ಹಿಂದೆ ಬರಬೇಕು. ರಾಶಿ ಸಂರಕ್ಷಣಾ ನಿಯಮಕ್ಕೆ ಬೇರೆ ಪಾಠ ಬೇಡ.

ಶಕ್ತಿಯ ವಿಷಯದಲ್ಲಿ ಮಾತ್ರ ಈ ಮಣ್ಣು-ಕಡ್ಡಿಯ ಮಾದರಿ ದಾರಿ ತಪ್ಪಿಸುತ್ತದೆ. ಬಂಧ ಮುರಿದರೆ ಶಕ್ತಿ ಹೊರಬರುತ್ತದೆ ಎಂಬ ನಂಬಿಕೆ ಮಕ್ಕಳಲ್ಲಿ ಬಲವಾಗಿದೆ, ಕಾಲೇಜಿಗೆ ಹೋದರೂ ಬಿಡುವುದಿಲ್ಲ. ನಿಜ ಇದಕ್ಕೆ ವಿರುದ್ಧ: ಮುರಿಯಲು ಶಕ್ತಿ ಹಾಕಬೇಕು, ಕೂಡುವಾಗ ಅದು ಹೊರಬರುತ್ತದೆ. ಕಡ್ಡಿ ಚುಚ್ಚಲೂ ಬಲ ಬೇಕು, ಕೀಳಲೂ ಬಲ ಬೇಕು, ಆದ್ದರಿಂದ ಕೈಗೆ ವ್ಯತ್ಯಾಸ ತಿಳಿಯದು. ಹಳೆಯ ವ್ಯಾನಿಟಿ ಬ್ಯಾಗುಗಳಲ್ಲಿರುವ ಅಯಸ್ಕಾಂತದ ಗುಂಡಿ ಒಂದೆರಡು ಜೊತೆ ಸಿಕ್ಕರೆ ಮಕ್ಕಳ ಕೈಗೆ ಕೊಡಿ. ಬಿಡಿಸಲು ಎಳೆಯಬೇಕು, ಹತ್ತಿರ ತಂದರೆ ತಾವೇ ಟಕ್ಕೆಂದು ಕೂಡುತ್ತವೆ. ಆ ಟಕ್ ಸದ್ದೇ ಹೊರಬಂದ ಶಕ್ತಿ. ನಿಮ್ಮ ತಿಳಿವಳಿಕೆಗೆ ಲೆಕ್ಕವನ್ನೂ ಕೊಡುತ್ತೇನೆ. ಒಂದು ಮೋಲ್ ಮೀಥೇನ್ ಮತ್ತು ಎರಡು ಮೋಲ್ ಆಕ್ಸಿಜನ್‌ಗಳ ಎಲ್ಲ ಬಂಧ ಮುರಿಯಲು ಸುಮಾರು 2,650 ಕಿಲೋಜೌಲ್ ಬೇಕು. ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಆವಿಯ ಬಂಧಗಳು ಕೂಡುವಾಗ ಸುಮಾರು 3,450 ಹೊರಬರುತ್ತದೆ. ಅನ್ನ ಬೇಯಿಸುವುದು ಈ ಎರಡರ ನಡುವಿನ 800. ಮೊದಲ ಬಂಧಗಳನ್ನು ಮುರಿಯುವ ಶಕ್ತಿಯನ್ನು ಬೆಂಕಿಕಡ್ಡಿ ಕೊಡುತ್ತದೆ, ಆಮೇಲೆ ಉರಿ ತನ್ನನ್ನು ತಾನೇ ಸಾಕಿಕೊಳ್ಳುತ್ತದೆ.

ಇನ್ನು ಆಕಾರ. ಪಠ್ಯದ ಚಿತ್ರದಲ್ಲಿ ಮೀಥೇನ್ ಒಂದು ಅಧಿಕ ಚಿಹ್ನೆಯಂತೆ ಚಪ್ಪಟೆಯಾಗಿರುತ್ತದೆ, ನಿಮ್ಮ ಥರ್ಮೋಕೋಲ್ ಮೀಥೇನ್ ಕೂಡ ಹಾಗೇ ಆಗಿದ್ದರೆ ಆಶ್ಚರ್ಯವಿಲ್ಲ. ಈ ತಪ್ಪಿಗೆ ದೊಡ್ಡ ವಂಶಾವಳಿಯಿದೆ. 1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಆಗಸ್ಟ್ ವಿಲ್‌ಹೆಲ್ಮ್ ಹಾಫ್‌ಮನ್ ಎಂಬ ಜರ್ಮನ್ ವಿಜ್ಞಾನಿ ಕ್ರೋಕೆ ಆಟದ ಚೆಂಡುಗಳಿಗೆ ಕಡ್ಡಿ ಸಿಕ್ಕಿಸಿ ಅಣುಗಳನ್ನು ತೋರಿಸಿದ. ಇಂಗಾಲ ಕಪ್ಪು, ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು, ನೈಟ್ರೋಜನ್ ನೀಲಿ, ಕ್ಲೋರಿನ್ ಹಸಿರು ಎಂಬ ಬಣ್ಣಗಳು ಅವನು ಅಂದು ಬಳಸಿದವು. ನಿಮ್ಮ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ಬರೆದದ್ದು ಆ ಚೆಂಡಿನ ಬಣ್ಣ. ಹಾಫ್‌ಮನ್ನನ ಮೀಥೇನೂ ಚಪ್ಪಟೆಯೇ. 1874ರಲ್ಲಿ 22 ವರ್ಷದ ಡಚ್ ತರುಣ ವಾಂಟ್ ಹಾಫ್ ಮತ್ತು ಅವನಿಂದ ಬೇರೆಯಾಗಿಯೇ ಫ್ರಾನ್ಸಿನ ಲೆ ಬೆಲ್, ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ, ಅಂದರೆ ನಾಲ್ಕು ತ್ರಿಕೋನ ಮುಖಗಳ ಘನಾಕೃತಿಯ, ನಾಲ್ಕು ಮೂಲೆಗಳತ್ತ ಚಾಚಿವೆ ಎಂದರು. ವಾಂಟ್ ಹಾಫ್ ಕಾಗದದ ಪುಟ್ಟ ಮಾದರಿಗಳನ್ನು ಮಾಡಿ ಬೇರೆ ವಿಜ್ಞಾನಿಗಳಿಗೆ ಕಳಿಸಿಕೊಟ್ಟ. ಕೋಲ್ಬೆ ಎಂಬ ಹಿರಿಯ ರಸಾಯನಶಾಸ್ತ್ರಜ್ಞ, ಪಶುವೈದ್ಯಕೀಯ ಶಾಲೆಯಲ್ಲಿ ಕೆಲಸ ಮಾಡುವವನಿಗೆ ಇದೆಲ್ಲ ಬೇಕೇ ಎಂಬ ಧಾಟಿಯಲ್ಲಿ ಅವನನ್ನು ಛೀಮಾರಿ ಹಾಕಿದ. ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್, 1901ರಲ್ಲಿ, ವಾಂಟ್ ಹಾಫ್‌ಗೆ ಬಂತು, ಬೇರೆ ಕೆಲಸಕ್ಕಾದರೂ.

ಅವರ ವಾದವನ್ನು ನಿಮ್ಮ ಮಕ್ಕಳೇ ಮಾಡಬಲ್ಲರು. ಮೀಥೇನಿನ ಎರಡು ಹೈಡ್ರೋಜನ್ ತೆಗೆದು ಎರಡು ಕ್ಲೋರಿನ್ ಹಾಕಿ. ಅಣು ಚಪ್ಪಟೆಯಾಗಿದ್ದರೆ ಕ್ಲೋರಿನ್‌ಗಳು ಅಕ್ಕಪಕ್ಕ ಇರುವುದು ಒಂದು ವಿಧ, ಎದುರುಬದುರು ಇರುವುದು ಇನ್ನೊಂದು. ಅಂದರೆ ಡೈಕ್ಲೋರೋಮೀಥೇನ್ ಎರಡು ಬಗೆಯದಿರಬೇಕು. ಜಗತ್ತಿನಲ್ಲಿ ಸಿಗುವುದು ಒಂದೇ ಬಗೆ. ಈಗ ಚತುರ್ಮುಖಿಯಲ್ಲಿ ಕಟ್ಟಿ. ಯಾವ ಎರಡು ಮೂಲೆ ಆರಿಸಿದರೂ, ತಿರುಗಿಸಿ ಹಿಡಿದರೆ ಅದೇ ಅಣು. ಈ ಕ್ಷಣಕ್ಕಾಗಿಯೇ ಮಾದರಿ ಬೇಕು. ಚಿತ್ರದಲ್ಲಿ ತಿರುಗಿಸಲಾಗದು.

ಕೋನವನ್ನು ಅಳೆದು ಚುಚ್ಚುವುದು ಮಕ್ಕಳಿಗೆ ಕಷ್ಟ. ಅದಕ್ಕೆ ಬಲೂನು. ಒಂದೇ ಗಾತ್ರಕ್ಕೆ ಊದಿದ ನಾಲ್ಕು ಬಲೂನುಗಳನ್ನು ಎರಡೆರಡಾಗಿ ಬಾಯಿಗೆ ಬಾಯಿ ಕಟ್ಟಿ, ಎರಡು ಜೊತೆಯನ್ನೂ ನಡುವೆ ಒಟ್ಟಿಗೆ ತಿರುಚಿ. ಮೇಜಿನ ಮೇಲೆ ಬಿಟ್ಟರೆ ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಮೇಲಕ್ಕೆತ್ತುತ್ತವೆ. ಒಂದನ್ನೊಂದು ತಳ್ಳಿಕೊಂಡು ಆದಷ್ಟು ದೂರ ನಿಲ್ಲುವಾಗ ಆಗುವ ಕೋನ 109.5 ಡಿಗ್ರಿ. ಎಲೆಕ್ಟ್ರಾನ್ ಜೋಡಿಗಳು ಮಾಡುವುದೂ ಇದನ್ನೇ. ಬೇಕಾದರೆ ಚಪ್ಪಟೆಯಾಗಿ ಒತ್ತಿ ಹಿಡಿಯಲು ಹೇಳಿ, ಕೈಬಿಟ್ಟ ಕೂಡಲೇ ಪುಟಿದು ಮೊದಲಿನಂತೆ ನಿಲ್ಲುತ್ತವೆ. ಎರಡು ಬಲೂನು ಬೇರೆ ಬಣ್ಣದ್ದಾದರೆ ಅವು ನೀರಿನ ಆಕ್ಸಿಜನ್ನಿನ ಮೇಲಿರುವ ಒಂಟಿ ಜೋಡಿಗಳು (ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿಗಳು), ಉಳಿದೆರಡು ಹೈಡ್ರೋಜನ್ನಿನ ಬಂಧಗಳು. ಒಂಟಿ ಜೋಡಿಗಳು ಸ್ವಲ್ಪ ಹೆಚ್ಚು ತಳ್ಳುತ್ತವೆ, ಹಾಗಾಗಿ ನೀರಿನ ಕೋನ 104.5ಕ್ಕೆ ಇಳಿಯುತ್ತದೆ. ಆ ಎರಡು ಬಲೂನನ್ನು ತುಸು ಜಾಸ್ತಿ ಊದಿದರೆ ಆಯಿತು.

ಸಮಾಂಗಿಗಳಿಗೆ, ಅಂದರೆ ಸೂತ್ರ ಒಂದೇ ಆದರೂ ಜೋಡಣೆ ಬೇರೆಯಾದ ಅಣುಗಳಿಗೆ, ಸೈಕಲ್ ವಾಲ್ವ್ ಟ್ಯೂಬಿಗಿಂತ ಒಳ್ಳೆಯದು ನಾನು ಕಂಡಿಲ್ಲ. ಕಸದಿಂದ ವಿಜ್ಞಾನದ ಆಟಿಕೆ ಮಾಡಿಸುವ ಅರವಿಂದ ಗುಪ್ತಾ ಅವರು ದೇಶಕ್ಕೆಲ್ಲ ಕಲಿಸಿದ ಯುಕ್ತಿ ಇದು: ಎರಡು ಸೆಂಟಿಮೀಟರ್ ಉದ್ದದ ರಬ್ಬರ್ ಕೊಳವೆ ತುಂಡಿಗೆ ಎರಡೂ ಕಡೆಯಿಂದ ಬೆಂಕಿಕಡ್ಡಿ ತೂರಿಸಿದರೆ ಎರಡು ತೋಳಿನ ಕೀಲು, ನಡುವೆ ಮುಳ್ಳಿನಿಂದ ತೂತು ಮಾಡಿ ಇನ್ನೊಂದು ತುಂಡು ಕೊಳವೆಯನ್ನು ಅಡ್ಡಲಾಗಿ ತೂರಿಸಿದರೆ ನಾಲ್ಕು ತೋಳು. ನಾಲ್ಕು ತೋಳಿನ ಕೀಲೇ ಇಂಗಾಲ. ಮುಳ್ಳಿಗೆ ನಮ್ಮಲ್ಲಿ ಬರವಿಲ್ಲ, ಕಿತ್ತಳೆ ಗಿಡದ್ದೇ ಸಾಕು. ವಾಲ್ವ್ ಟ್ಯೂಬಿಗೆ ಮಾತ್ರ ಕುಶಾಲನಗರದ ಕಡೆ ಹೋಗುವವರಿಗೆ ಹೇಳಿ ತರಿಸಿ, ಮಡಿಕೇರಿಯ ಏರಿನಲ್ಲಿ ಸೈಕಲ್ ತುಳಿಯುವವರು ಎಷ್ಟು ಮಂದಿ! ಬೆಂಕಿಕಡ್ಡಿಯ ಮದ್ದನ್ನು ನೀವೇ ಕೆರೆದು ತೆಗೆದು ಕೊಡಿ. ಹೈಡ್ರೋಜನ್ ಬೇಡ, ಇಂಗಾಲದ ಅಸ್ಥಿಪಂಜರ ಸಾಕು. ನಾಲ್ಕು ಇಂಗಾಲದ ಬ್ಯೂಟೇನಿಗೆ ಎರಡು ರೂಪ, ಐದು ಇಂಗಾಲದ ಪೆಂಟೇನಿಗೆ ಮೂರು. ಪೆಂಟೇನಿನ ಸರಪಳಿಯನ್ನು ಕೊನೆಯಲ್ಲಿ ಬಗ್ಗಿಸಿ ‘ಇದು ನಾಲ್ಕನೆಯದು’ ಎನ್ನುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ನೀವು ಬಾಯಿ ಬಿಡುವ ಮೊದಲೇ ಪಕ್ಕದವರು ಕೀಲು ತಿರುಗಿಸಿ ನೆಟ್ಟಗೆ ಮಾಡಿ ತೋರಿಸುತ್ತಾರೆ. ಆರು ಇಂಗಾಲದ ಹೆಕ್ಸೇನಿಗೆ ಎಷ್ಟು ಎಂದು ಮನೆಗೆ ಕೊಡಿ. ಐದು. ಆರನೆಯದನ್ನು ತಂದವರು ಅದು ಹೇಗೆ ಬೇರೆ ಎಂದು ತರಗತಿಯ ಮುಂದೆ ವಾದಿಸಲಿ.

ಮಳೆಗಾಲದ ಮಾತೊಂದು. ಮೈದಾಹಿಟ್ಟಿನ ಉಂಡೆ ಎಂದು ಬಯಲುಸೀಮೆಯ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಜುಲೈನಲ್ಲಿ ಇಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಜೇಡಿಮಣ್ಣೂ ಒಣಗದು, ಆದರೆ ಅದು ಒಣಗದಿರುವುದೇ ನಮಗೆ ಬೇಕಾದದ್ದು. ಒದ್ದೆ ಬಟ್ಟೆ ಸುತ್ತಿ ಬಕೆಟ್ಟಿನಲ್ಲಿಡಿ. ಕೆಲವರು ಸ್ಥಳೀಯ ವಸ್ತು ಎಂಬ ಉತ್ಸಾಹದಲ್ಲಿ ಕಾಫಿ ಬೀಜ, ಕರಿಮೆಣಸು ಬಳಸಿ ಪರಮಾಣು ಎಣಿಸುತ್ತಾರೆ. ಎಣಿಕೆಗಷ್ಟೇ ಆದರೆ ತಪ್ಪಿಲ್ಲ, ಮೆಣಸಿನ ಈಗಿನ ಬೆಲೆಗೆ ಹೈಡ್ರೋಜನ್ ಕಳೆದರೆ ಮುಖ್ಯೋಪಾಧ್ಯಾಯರಿಗೆ ಲೆಕ್ಕ ಕೊಡುವುದು ನಿಮಗೆ ಬಿಟ್ಟದ್ದು.

ಯಾವ ಮಾದರಿ ಬಳಸಿದರೂ ಕೊನೆಯ ಐದು ನಿಮಿಷ ಒಂದೇ ಪ್ರಶ್ನೆಗೆ ಮೀಸಲಿಡಿ: ಇದು ಎಲ್ಲಿ ಸುಳ್ಳು ಹೇಳುತ್ತಿದೆ? ಪರಮಾಣುವಿಗೆ ಬಣ್ಣವಿಲ್ಲ. ಬಂಧ ಎಂದರೆ ಕಡ್ಡಿಯಲ್ಲ. ಅಣು ಹೀಗೆ ಸುಮ್ಮನೆ ಕೂತಿರುವುದಿಲ್ಲ, ಓಡುತ್ತ ತಿರುಗುತ್ತ ನಡುಗುತ್ತ ಇರುತ್ತದೆ. ಮಕ್ಕಳೇ ಪಟ್ಟಿ ಮಾಡಲಿ. ಉಪ್ಪಿನ ವಿಷಯದಲ್ಲಿ ಈ ಸುಳ್ಳು ಅಪಾಯಕಾರಿ. ಕಡ್ಡಿ ಸಿಕ್ಕಿಸಿದ ಉಪ್ಪಿನ ಮಾದರಿ ನೋಡಿದವರು ಒಂದು ಸೋಡಿಯಂ, ಒಂದು ಕ್ಲೋರಿನ್ ಜೋಡಿಯಾಗಿ ಒಂದು ಅಣು ಎಂದುಕೊಳ್ಳುತ್ತಾರೆ. ಹರಳಿನಲ್ಲಿ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. ಯಾರೂ ಯಾರ ಜೋಡಿಯೂ ಅಲ್ಲ. ಇದಕ್ಕೆ ಕಡ್ಡಿ ಬಿಟ್ಟು, ಎರಡು ಗಾತ್ರದ ಉಂಡೆಗಳನ್ನು ಒಂದು ಬಿಟ್ಟು ಒಂದರಂತೆ ಪೆಟ್ಟಿಗೆಯಲ್ಲಿ ಪದರ ಪದರವಾಗಿ ಜೋಡಿಸಿ.

ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟೋನ್ ಎಂಬವರು ರಸಾಯನಶಾಸ್ತ್ರ ಯಾಕೆ ಕಷ್ಟ ಎಂಬುದಕ್ಕೆ 1991ರಲ್ಲಿ ಒಂದು ತ್ರಿಕೋನ ಬರೆದು ತೋರಿಸಿದರು. ಒಂದು ಮೂಲೆಯಲ್ಲಿ ಕಣ್ಣಿಗೆ ಕಾಣುವುದು, ಇನ್ನೊಂದರಲ್ಲಿ ಕಾಣದ ಕಣಗಳು, ಮೂರನೆಯದರಲ್ಲಿ ಸೂತ್ರ-ಸಮೀಕರಣ. ಮೇಷ್ಟರು ಒಂದೇ ವಾಕ್ಯದಲ್ಲಿ ಮೂರಕ್ಕೂ ಹಾರಿ ಬರುತ್ತಾರೆ, ಮಕ್ಕಳು ಎಲ್ಲೋ ನಡುವೆ ಬಿದ್ದಿರುತ್ತಾರೆ. ನನ್ನ ಸಲಹೆ: ಮೊದಲು ಕಣ್ಣಿಗೆ ಕಾಣಲಿ, ಆಮೇಲೆ ಮಾದರಿ, ಸಮೀಕರಣ ಕೊನೆಗೆ. ಇದಕ್ಕೆ ನಿಮ್ಮ ಮಕ್ಕಳ ಮನೆಬಾಗಿಲಲ್ಲೇ ಒಂದು ಪ್ರಯೋಗವಿದೆ. ಮಳೆಗೆ ಮೊದಲು ಮೆಣಸಿನ ಬಳ್ಳಿಗೆ ಕೊಳೆರೋಗ ಬಾರದಂತೆ ಹೊಡೆಯಲು ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡುವುದನ್ನು ಅವರು ನೋಡಿರುತ್ತಾರೆ. ಹದ ನೋಡಲು ಉಜ್ಜಿದ ಕತ್ತಿಯನ್ನು ಅದ್ದುತ್ತಾರೆ. ಕತ್ತಿಗೆ ಕೆಂಪು ಕೂತರೆ ಸುಣ್ಣ ಸಾಲದು. ಪಠ್ಯದಲ್ಲಿರುವ ಕಬ್ಬಿಣದ ಮೊಳೆ ಮತ್ತು ತಾಮ್ರದ ಸಲ್ಫೇಟಿನ ಕ್ರಿಯೆ ಇದೇ. ಸುಣ್ಣ ಸಾಕಷ್ಟಿದ್ದರೆ ತಾಮ್ರ ಕರಗದ ರೂಪದಲ್ಲಿ ಸಿಕ್ಕಿಬೀಳುತ್ತದೆ, ಕತ್ತಿ ಬೆಳ್ಳಗೇ ಬರುತ್ತದೆ.

ತರಗತಿಯಲ್ಲಿ ಗಾಜಿನ ಲೋಟದಲ್ಲಿ ಒಂದು ಚಿಟಿಕೆ ಮೈಲುತುತ್ತ ಕರಗಿಸಿ, ಉಜ್ಜಿದ ಮೊಳೆ ಹಾಕಿಡಿ. ಅದು ವಿಷ, ನೀವೇ ಕೈಯಾಡಿಸಿ, ಆಮೇಲೆ ಎಲ್ಲರೂ ಕೈ ತೊಳೆಯಲಿ. ಮೊಳೆ ಕೆಂಪಾಗುತ್ತ ನೀಲಿ ತೆಳುವಾಗುವ ಹೊತ್ತಿಗೆ ಮಾದರಿಗೆ ಬನ್ನಿ: ಬಾಟಲಿ ಮುಚ್ಚಳಗಳು ಲೋಹ, ಅಂಗಿ ಗುಂಡಿಗಳು ಎಲೆಕ್ಟ್ರಾನು. ಕಬ್ಬಿಣದ ಮುಚ್ಚಳ ಎರಡು ಗುಂಡಿ ಬಿಟ್ಟು ‘ನೀರಿಗೆ’ ಇಳಿಯುತ್ತದೆ, ತಾಮ್ರದ ಮುಚ್ಚಳ ಆ ಎರಡನ್ನು ಪಡೆದು ‘ಮೊಳೆ’ಯ ಮೇಲೆ ಕೂರುತ್ತದೆ. ಸಲ್ಫೇಟ್ ಏನು ಮಾಡಿತು ಎಂದು ಕೇಳಿ. ತಾಮ್ರವನ್ನು ಬಿಟ್ಟು ಕಬ್ಬಿಣವನ್ನು ಹಿಡಿಯಿತು ಎನ್ನುತ್ತಾರೆ. ಅದು ಯಾರನ್ನೂ ಹಿಡಿದಿರಲಿಲ್ಲ, ಮೊದಲಿನಿಂದ ಕೊನೆಯವರೆಗೆ ನೀರಿನಲ್ಲಿ ತನ್ನ ಪಾಡಿಗೆ ಈಜುತ್ತಿತ್ತು. ಮುಚ್ಚಳ ಸರಿಸುವಾಗಲೇ ಇದು ಕಾಣುತ್ತದೆ. ಸಮೀಕರಣ ಮಾತ್ರ ಬರೆದರೆ ಎಂದೂ ಕಾಣದು.

ನಿಮ್ಮ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ಭಾಷೆ, ಈಚೆಗೆ ಅಸ್ಸಾಮಿ ಮಾತಾಡುವ ಮಕ್ಕಳೂ ಇರಬಹುದು. ‘ಸಹವೇಲೆನ್ಸೀ ಬಂಧ’ ಅವರಿಗೆ ಕನ್ನಡವೂ ಅಲ್ಲ, ರಸಾಯನಶಾಸ್ತ್ರವೂ ಅಲ್ಲ. ಮಾದರಿ ಕೈಯಲ್ಲಿರುವಾಗ ತಮ್ಮ ಮಾತಿನಲ್ಲೇ ಜಗಳವಾಡಲು ಬಿಡಿ. ಪಾರಿಭಾಷಿಕ ಪದವನ್ನು ಕೊನೆಯಲ್ಲಿ ಕೊಟ್ಟರೆ ಅದು ಕೂರಲು ಒಂದು ಜಾಗ ಇರುತ್ತದೆ.

ಬೋರ್ಡಿನ ಅಭ್ಯಾಸವನ್ನು ಬಿಡಲಾಗದು, ಪರೀಕ್ಷೆಗೆ ಮಣ್ಣಿನ ಉಂಡೆ ಒಯ್ಯುವಂತಿಲ್ಲ. ಆದ್ದರಿಂದ ಕಟ್ಟಿದ್ದನ್ನು ಆಗಲೇ ನೋಟ್‌ಬುಕ್ಕಿನಲ್ಲಿ ವೃತ್ತಗಳಾಗಿ ಬರೆಸಿ, ಅದರ ಕೆಳಗೆ ಸೂತ್ರ ಬರೆಸಿ. ಮೂರನೇ ನಾಲ್ಕನೇ ಸಮೀಕರಣಕ್ಕೆ ಅವರೇ ಉಂಡೆ ಬಿಟ್ಟು ವೃತ್ತಕ್ಕೆ, ಆಮೇಲೆ ವೃತ್ತ ಬಿಟ್ಟು ಅಂಕಿಗೆ ಬರುತ್ತಾರೆ. ಕೆಲವರು ತಡವಾಗಿ ಬಿಡುತ್ತಾರೆ, ಕಾಯಿರಿ.

ಕಿಟ್ ವಿಷಯ: ಶಾಲೆಯ ಅನುದಾನದಲ್ಲಿ ಒಂದು ಕೊಳ್ಳಬಹುದು, ಆದರೆ ಇದೆಲ್ಲ ಒಂದು ಸುತ್ತು ಆದ ಮೇಲೆ. ಕೊಳ್ಳುವಾಗ ಪೆಟ್ಟಿಗೆ ತೆರೆಸಿ ಇಂಗಾಲದ ಉಂಡೆ ನೋಡಿ. ತೂತುಗಳು ನಾಲ್ಕೇ ಇದ್ದು, ಮೇಜಿನ ಮೇಲೆ ಮೂರು ಕಡ್ಡಿಯ ಮೇಲೆ ನಿಲ್ಲುವಂತಿರಬೇಕು. ಎರಡು-ಮೂರು ಬಂಧಗಳಿಗೆ ಬಗ್ಗುವ ಉದ್ದನೆಯ ಕಡ್ಡಿ ಬೇರೆಯೇ ಇರಬೇಕು. ಕಡ್ಡಿಯನ್ನು ಒಂದು ಹತ್ತು ಸಲ ಹಾಕಿ ತೆಗೆದು ನೋಡಿ, ಅಷ್ಟಕ್ಕೇ ತೂತು ಸಡಿಲವಾದರೆ ಅಂಗಡಿಯವನಿಗೇ ವಾಪಸು ಕೊಡಿ.